ವನಜಾಕ್ಷಿಗೆ ಬಾರದ ಹಾಲು

ವನಜಾಕ್ಷಿ ಹೊಳವನಹಳ್ಳಿಯ ಹುಡುಗಿ. ಚಿಕ್ಕಂದಿನಲ್ಲೇ ತಾಯಿ ತೀರಿಹೋಗಿದ್ದಳು. ಅಣ್ಣ ದಾಸಣ್ಣನೇ ಓಡಾಡಿ ಗಂಡು ಗೊತ್ತುಮಾಡಿ, ಹತ್ತೊಂಬತ್ತು ತುಂಬಿದ ವರ್ಷ ಅವಳನ್ನು ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಹತ್ತಿರದ ಒಂದು ಊರಿಗೆ ಕೊಟ್ಟ. ಗಂಡ ಜಯರಾಮು ಕುರಿ ಕಾಯುವವನು. ಮನೆಯಲ್ಲಿ ಅರವತ್ತು ಕುರಿ, ಐದಾರು ಮೇಕೆ, ಒಂದು ಸೀಮೆಹಸು. ಬೇಸಿಗೆ ಬಂದರೆ ಜಯರಾಮು ಮಂದೆ ಹೊಡೆದುಕೊಂಡು ಪಾವಗಡದ ಕಡೆಗೆ ಹೋಗಿಬಿಡುತ್ತಿದ್ದ. ಆಗ ಮನೆಯಲ್ಲಿ ಉಳಿಯುತ್ತಿದ್ದವರು ವನಜಾಕ್ಷಿ ಮತ್ತು ಅತ್ತೆ ಕೊಲ್ಲಾಪುರಮ್ಮ, ಇಬ್ಬರೇ.

ಕೊಲ್ಲಾಪುರಮ್ಮ ಕೆಟ್ಟವಳಲ್ಲ. ಗಂಡ ಸತ್ತ ಮೇಲೆ ಒಬ್ಬಳೇ ಮಂದೆಯನ್ನೂ ಮಗನನ್ನೂ ಸಾಕಿದವಳು. ಯಾವ ಕುರಿ ಯಾವತ್ತು ಈಯುತ್ತದೆ, ಯಾವುದರ ಕೆಚ್ಚಲು ಬಾತಿದೆ ಎಂದು ದೂರದಿಂದಲೇ ಹೇಳುತ್ತಿದ್ದಳು. ಮಾತು ಮಾತ್ರ ಒರಟು. ಸೊಸೆ ಮೊದಲ ವರ್ಷವೇ ಬಸುರಿಯಾದಾಗ ಊರಿಗೆಲ್ಲ ಬೆಲ್ಲ ಹಂಚಿದವಳೂ ಅವಳೇ. ತವರಿನಲ್ಲಿ ಬಾಣಂತನ ಮಾಡುವವರಿಲ್ಲವಾದ್ದರಿಂದ ಚೊಚ್ಚಲ ಹೆರಿಗೆ ಗಂಡನ ಮನೆಯಲ್ಲೇ ಆಗಲಿ ಎಂದಳು.

ಹೆರಿಗೆಯೇನೂ ಕಷ್ಟವಾಗಲಿಲ್ಲ. ಮಾಘ ಮಾಸದ ಒಂದು ಬೆಳಿಗ್ಗೆ ನೋವು ಶುರುವಾಯಿತು. ಆ ವರ್ಷ ಮೇವು ಬೇಗ ಮುಗಿದು ಜಯರಾಮು ಆಗಲೇ ಮಂದೆ ಹೊಡೆದುಕೊಂಡು ಹೋಗಿದ್ದ. ಆಸ್ಪತ್ರೆ ಸೇರಿದ ಮೇಲೆ ಮಧ್ಯಾಹ್ನದ ಹೊತ್ತಿಗೆಲ್ಲ ಹೆಣ್ಣು ಮಗು ಬಂತು, ಗುಂಡಗೆ, ಕೂದಲು ತುಂಬಿಕೊಂಡು. ಮಾಸು ಬಿತ್ತು. ಮಾಸಿನ ಹಿಂದೆಯೇ ರಕ್ತ ಹರಿಯಿತು, ನಿಲ್ಲಲಿಲ್ಲ. ನರ್ಸು ಹೊಟ್ಟೆ ಒತ್ತಿದಳು, ಸೂಜಿ ಚುಚ್ಚಿದಳು, ಬಟ್ಟೆ ಮೇಲೆ ಬಟ್ಟೆ ಇಟ್ಟಳು. ನೂರೆಂಟರ ಗಾಡಿ ಬಂತು. ಗಾಡಿಯಲ್ಲಿ ತನ್ನ ಕಾಲುಗಳು ತಣ್ಣಗಾಗುತ್ತ ಬಂದದ್ದು ಮಾತ್ರ ವನಜಾಕ್ಷಿಗೆ ನೆನಪಿದೆ. ಮಧುಗಿರಿ ದಾಟಿದ್ದು, ತುಮಕೂರು ಮುಟ್ಟಿದ್ದು, ಐದು ಬಾಟ್ಲಿ ರಕ್ತ ಏರಿಸಿದ್ದು ಯಾವುದೂ ಅವಳಿಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಮೂರನೆಯ ದಿನ. ಪಕ್ಕದಲ್ಲಿ ಕೊಲ್ಲಾಪುರಮ್ಮ ಕೂತಿದ್ದಳು.

"ಉಳ್ಕಂಡೆ ಬುಡು," ಅಂದಳು ಅತ್ತೆ. "ಮಾರಮ್ಮ ದೊಡ್ಡೋಳು."

ಆ ವಾರ್ಡಿನಲ್ಲಿ ಮೂರನೇ ದಿನದ ಬಾಣಂತಿಯರೆಲ್ಲ ಎದೆ ಬಿಗಿದು ನರಳುತ್ತಿದ್ದರು. ಒಬ್ಬಳ ರವಿಕೆ ತೊಯ್ದು ತೊಟ್ಟಿಕ್ಕುತ್ತಿತ್ತು. ವನಜಾಕ್ಷಿ ತನ್ನ ಎದೆ ಮುಟ್ಟಿ ನೋಡಿಕೊಂಡಳು. ಬಸುರಿನಲ್ಲಿ ತುಂಬಿಕೊಂಡಿದ್ದದ್ದು ಇಳಿದು, ಮದುವೆಗೆ ಮುಂಚಿನ ಹಾಗೆ ಮೆತ್ತಗಾಗಿತ್ತು. ಮಗುವನ್ನು ಹಾಕಿಕೊಂಡಳು. ಮಗು ಬಾಯಿ ಹಾಕಿ, ಎಳೆದು, ಎಳೆದು, ಕೊನೆಗೆ ಬಿಟ್ಟು ಕಿರುಚಿತು. ಕಿವುಚಿದರೂ ಒಂದು ತೊಟ್ಟು ಬರಲಿಲ್ಲ.

"ರಕ್ತ ಹೋಗಿದೆಯಲ್ಲ, ತಡ ಆಗುತ್ತೆ. ಮಗು ಚೀಪ್ತಾ ಇದ್ರೆ ತಾನಾಗೇ ಬರುತ್ತೆ," ಎಂದಳು ನರ್ಸು. ನೂರರಲ್ಲಿ ತೊಂಬತ್ತೊಂಬತ್ತು ಜನಕ್ಕೆ ಆ ಮಾತು ನಿಜ.

ಎಂಟನೆಯ ದಿನ ಊರಿಗೆ ಬಂದರು. ಹದಿನೈದಾಯಿತು, ಇಪ್ಪತ್ತಾಯಿತು, ಹಾಲಿಲ್ಲ. ಕೊಲ್ಲಾಪುರಮ್ಮ ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಸಬ್ಬಸಿಗೆ ಸೊಪ್ಪು ಬೇಯಿಸಿ ಹಾಕಿದಳು, ಹುರಿದ ಬೆಳ್ಳುಳ್ಳಿ ತಿನ್ನಿಸಿದಳು, ಮೆಂತ್ಯದ ಗಂಜಿ ಕಾಸಿದಳು. ಎದೆಗೆ ಹರಳೆಣ್ಣೆ ಹಚ್ಚಿ ಬಿಸಿನೀರಿನ ಶಾಖ ಕೊಟ್ಟಳು. ದೃಷ್ಟಿ ತೆಗೆದಳು. ನೀರು ಮಾತ್ರ ಮುಟ್ಟಗೊಡಲಿಲ್ಲ. ಹಸಿ ಮೈಗೆ ನೀರು ಬಿದ್ದರೆ ಬಾಣಂತಿ ಬಾತುಕೊಳ್ಳುತ್ತಾಳೆ ಎಂಬುದು ಅವಳ ನಂಬಿಕೆ. ಆಶಾ ಕಾರ್ಯಕರ್ತೆ ಗಂಗಾಂಬಿಕಾ ಬಂದು ಅದಕ್ಕೆ ಜಗಳ ಆಡಿದಳು.

"ನೀರು ಕುಡೀದೆ ಹಾಲು ಎಲ್ಲಿಂದ ಬತ್ತದೆ ಅಜ್ಜಿ? ಚೆಂಬ್ಗಟ್ಲೆ ಕುಡೀಲಿ. ಎರಡು ಗಂಟೆಗೊಂದ್ಸಲ ಮಗುನ ಹಾಕ್ಕೊಳ್ಳಿ. ಡಬ್ಬಿ ಹಾಲು ಬ್ಯಾಡ."

ಅಂದಿನಿಂದ ವನಜಾಕ್ಷಿ ಕದ್ದು ಕದ್ದು ನೀರು ಕುಡಿದಳು. ಎರಡು ಗಂಟೆಗೊಂದು ಸಲ ಹಾಕಿಕೊಂಡಳು. ತೊಟ್ಟು ಬಿರಿದು ರಕ್ತ ಬಂತು, ಮಗುವಿನ ತುಟಿಗೆ ಅಂಟಿತು. ಗಂಗಾಂಬಿಕಾ ವಾರಕ್ಕೊಮ್ಮೆ ತಕ್ಕಡಿ ತಂದು ತೂಗುತ್ತಿದ್ದಳು. ಮುಳ್ಳು ಮೇಲೇರದೆ ಕೆಳಗಿಳಿದಾಗ ಅವಳ ಸೈರಣೆಯೂ ಕೆಟ್ಟಿತು.

"ಎಲ್ಲಾ ತಾಯಂದ್ರಿಗೂ ಬತ್ತದೆ ಕಣಮ್ಮ," ಅಂದಳು ಒಂದು ದಿನ. "ಮನಸಿಟ್ಟು ಕುಡಿಸ್ಬೇಕು."

ಅತ್ತೆಯ ಬೈಗುಳ ವನಜಾಕ್ಷಿಗೆ ಅಭ್ಯಾಸವಾಗಿತ್ತು. ಈ ಮಾತು ಮಾತ್ರ ಒಳಗೆ ಹೋಗಿ ಕೂತಿತು. ಓದಿದವಳು, ಒಳ್ಳೆಯವಳು, ತನ್ನ ಪರವಾಗಿ ಜಗಳ ಆಡಿದವಳು ಹೇಳಿದ್ದಾಳೆಂದರೆ ನಿಜವೇ ಇರಬೇಕು. ತನ್ನ ಮನಸ್ಸಿನಲ್ಲೇ ಏನೋ ಕೊರತೆ ಇದೆ.

ಕೊಲ್ಲಾಪುರಮ್ಮನದು ಬೇರೆ ಲೆಕ್ಕ. ಈದ ಕುರಿ ಮರಿಯನ್ನು ಒದ್ದರೆ ಅವಳು ಅದರ ಕಾಲು ಕಟ್ಟಿ ಕುಡಿಸುತ್ತಿದ್ದಳು. "ಕುರಿ ಆಗಿದ್ರೆ ಕಾಲು ಕಟ್ಬೋದಿತ್ತು," ಎಂದು ಬಾಗಿಲಲ್ಲಿ ನಿಂತು ಯಾರಿಗೋ ಹೇಳುವ ಹಾಗೆ ಹೇಳಿದಳು. "ಇವ್ಳಿಗೆ ಏನು ಕಟ್ಟಾನ?"

ಮಗುವನ್ನು ಆಗ ಉಳಿಸಿದವಳು ಸುಮೈರಾ. ಅದೇ ಬೀದಿಯ ಕೊನೆಯಲ್ಲಿ ನಯಾಜ್ ಎಂಬಾತ ಪಂಪಿನ ಮೋಟಾರು ರಿಪೇರಿ ಮಾಡುತ್ತಿದ್ದ. ಅವನ ಹೆಂಡತಿ ಅವಳು, ಶಿರಾ ಊರಿನವಳು. ಅವಳ ಮಗ ಮುಬಶ್ಶಿರನಿಗೆ ಆಗ ಏಳು ತಿಂಗಳು. ನಲ್ಲಿಗೆ ಬಂದಾಗ ಮಗುವಿನ ಅಳು ಕೇಳಿ ಒಳಗೆ ಬಂದಳು. ಒಂದು ಗಳಿಗೆ ನಿಂತು ನೋಡಿದಳು. ಕೊಡ ಕೆಳಗಿಟ್ಟು, ಯಾರ ಅಪ್ಪಣೆಯನ್ನೂ ಕೇಳದೆ, ಮಗುವನ್ನು ಎತ್ತಿಕೊಂಡು ಸೆರಗು ಮುಚ್ಚಿಕೊಂಡು ಕೂತಳು. ಗುಟುಕು ಇಳಿಯುವ ಸದ್ದು ಮನೆಯಲ್ಲಿ ಮೊದಲ ಸಲ ಕೇಳಿತು. ವನಜಾಕ್ಷಿ ಗೋಡೆ ಕಡೆ ತಿರುಗಿಕೊಂಡಳು.

ಕೊಲ್ಲಾಪುರಮ್ಮ ಬಂದು ಬಾಗಿಲಲ್ಲಿ ನಿಂತಳು. ಏನನ್ನೋ ಅನ್ನಲು ಹೋಗಿ, ಮಗುವಿನ ಕೆನ್ನೆ ಆಡುವುದನ್ನು ನೋಡಿ, ಸುಮ್ಮನೆ ಒಳಗೆ ಹೋಗಿ ಒಂದು ಲೋಟ ಹಾಲು ಕಾಸಿ ತಂದು ಸುಮೈರಾಳ ಮುಂದಿಟ್ಟಳು.

"ಅಮ್ಮಾ, ಒಂದು ಮಾತು," ಅಂದಳು ಸುಮೈರಾ. "ನಮ್ಮಲ್ಲಿ ಹಾಲು ಕುಡಿಸಿದ್ರೆ ಮಕ್ಳೇ ಆದಂಗೆ. ಇನ್ಮೇಲೆ ಇವ್ಳು ಮುಬಶ್ಶಿರಂಗೆ ತಂಗಿ. ಆಮೇಲೆ ಬೇರೆ ಮಾತು ಆಡಂಗಿಲ್ಲ."

"ಬದುಕ್ಲಿ ಮೊದ್ಲು," ಅಂದಳು ಮುದುಕಿ.

ದಿನಕ್ಕೆ ಮೂರು ಸಲ ಸುಮೈರಾ ಬರುತ್ತಿದ್ದಳು. ಮಿಕ್ಕ ಹೊತ್ತಿಗೆ ಹಸುವಿನ ಹಾಲು. ಮಗು ಚೇತರಿಸಿಕೊಂಡಿತು. ಸುಮೈರಾ ಅದನ್ನು ಆರ್ಜೂ ಎಂದು ಕರೆಯುತ್ತಿದ್ದಳು. ಹಂಗಂದ್ರೆ ಏನಕ್ಕ ಎಂದು ವನಜಾಕ್ಷಿ ಕೇಳಿದ್ದಕ್ಕೆ, "ಆಸೆ, ಹಂಬಲ, ಅಂತದ್ದು," ಎಂದಳು. ಮನೆದೇವರ ಮುಂದೆ ಹೆಸರಿಡುವ ಶಾಸ್ತ್ರ ಜಯರಾಮು ಪಾವಗಡದ ಕಡೆಯಿಂದ ಮಂದೆ ತಿರುಗಿಸಿಕೊಂಡು ಬಂದ ಮೇಲೆ ಎಂದಿತ್ತು. ಹಾಗಾಗಿ ಮಗುವಿಗೆ ಇದ್ದ ಹೆಸರು ಅದೊಂದೇ.

ಏಪ್ರಿಲ್ ಕೊನೆಯಲ್ಲಿ ಸುಮೈರಾಳ ತಾಯಿ ಅಫ್ಜಲುನ್ನೀಸಾ ಲಕ್ವ ಹೊಡೆದು ಬಿದ್ದಳು. ಶಿರಾದಿಂದ ಫೋನು ಬಂತು. ಸುಮೈರಾ ಹೊರಡುವ ಮುಂಚೆ ಎರಡೂ ಕಡೆ ತುಂಬ ಕುಡಿಸಿ, ಮಗುವನ್ನು ವನಜಾಕ್ಷಿಯ ಕೈಗಿಟ್ಟಳು. "ಹತ್ತು ದಿನ ಅಷ್ಟೇ. ಬಂದ್ಬುಡ್ತೀನಿ."

ಹತ್ತು ದಿನ ಒಂದು ತಿಂಗಳಾಯಿತು.

ಮಗು ಪೂರ್ತಿ ಬಾಟ್ಲಿಗೆ ಬಿತ್ತು. ಹಸುವಿನ ಹಾಲು ಗಟ್ಟಿ, ಎಳೆ ಕರುಳಿಗೆ ತಡೆಯುವುದಿಲ್ಲವೆಂದು ಕೊಲ್ಲಾಪುರಮ್ಮ ನೀರು ಬೆರೆಸುತ್ತಿದ್ದಳು, ಅರ್ಧಕ್ಕರ್ಧ. ಬಿಸಿಲು ಏರಿತ್ತು. ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು. ರಬ್ಬರಿನ ತೊಟ್ಟಿನ ಒಳಗೆ ಹುಳಿ ವಾಸನೆ ನಿಂತರೆ ವನಜಾಕ್ಷಿ ಅದನ್ನು ಕುದಿಸುತ್ತಿದ್ದಳು. ಎದ್ದು ಒಲೆ ಹಚ್ಚಲು ಮೈಯಲ್ಲಿ ಶಕ್ತಿ ಇಲ್ಲದ ದಿನ ಬರೀ ತೊಳೆದಿಡುತ್ತಿದ್ದಳು. ಅಂಥ ದಿನಗಳು ಹೆಚ್ಚಾಗುತ್ತ ಬಂದಿದ್ದವು. ಕೂತಲ್ಲೇ ಕಣ್ಣು ಮುಚ್ಚಿ ಹೋಗುತ್ತಿತ್ತು.

ಮೇ ತಿಂಗಳ ಒಂದು ಸೋಮವಾರ ಮಗುವಿಗೆ ಭೇದಿ ಹತ್ತಿತು. ಗಂಗಾಂಬಿಕಾ ಓ.ಆರ್.ಎಸ್. ಪುಡಿ ಕೊಟ್ಟು, ನೀರಿಗೆ ಕಲಸಿ ಚಮಚದಲ್ಲಿ ಹಾಕಿ ಎಂದಳು, ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಎಂದಳು. ಮಂಗಳವಾರ ಬೆಳಿಗ್ಗೆ ನೆತ್ತಿ ಗುಳಿ ಬಿದ್ದಿತ್ತು. ಆಟೋದಲ್ಲಿ ಮಧುಗಿರಿಗೆ ಹೊರಟರು. ಅರ್ಧ ದಾರಿಯಲ್ಲಿ ಮಗು ಅಳು ನಿಲ್ಲಿಸಿತು. ವನಜಾಕ್ಷಿ ಅದನ್ನು ಎದೆಗೆ ಹಾಕಿಕೊಂಡಳು. ಬರುವುದಿಲ್ಲವೆಂದು ಗೊತ್ತಿತ್ತು, ಆದರೂ ಹಾಕಿಕೊಂಡಳು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ತುಟಿ ಇನ್ನೂ ತೊಟ್ಟಿನ ಮೇಲೇ ಇತ್ತು. ಡಾಕ್ಟರು ಟಾರ್ಚು ಬಿಟ್ಟು ನೋಡಿ ತಲೆ ಆಡಿಸಿದರು. ವನಜಾಕ್ಷಿ ಅಲ್ಲೇ ಕುಸಿದಳು.

ಅವಳಿಗೆ ಡ್ರಿಪ್ ಹಾಕಿ ಮಲಗಿಸಿದರು. ಅಷ್ಟರಲ್ಲಿ ಕೊಲ್ಲಾಪುರಮ್ಮ ತನ್ನ ಮೈದುನನ ಜೊತೆ ಮಗುವನ್ನು ಊರಿಗೆ ಒಯ್ದು ಮಣ್ಣು ಮಾಡಿದ್ದಳು. ಹೆತ್ತವಳು ನೋಡಬಾರದೆಂದು ಆಮೇಲೂ ಜಾಗ ತೋರಿಸಲಿಲ್ಲ. ಜಯರಾಮು ಮೂರನೆಯ ದಿನ ಬಂದ. ಅವನಿಗೆ ಹೇಳಬೇಕಾದ್ದನ್ನು ಬೇರೆಯವರೇ ಹೇಳಿದ್ದರು.

ಸುಮೈರಾ ಸುದ್ದಿ ಕೇಳಿ ಬಂದಳು. ಅಂಗಳದಲ್ಲೇ ನಿಂತು ಗೋಳೋ ಎಂದು ಅತ್ತಳು. ತಾಯಿಯನ್ನು ನೋಡಿಕೊಳ್ಳುವವರಿಲ್ಲದೆ ಅವಳ ಗಂಡನೂ ಅಂಗಡಿ ಮುಚ್ಚಿ ಶಿರಾಕ್ಕೇ ಹೋದ.

ಆಮೇಲೆ ಎರಡು ವರ್ಷ ಕಳೆದರೂ ವನಜಾಕ್ಷಿ ಮುಟ್ಟಾಗಲಿಲ್ಲ. ಮೊದಲು ಬಸುರಿ ಎಂದುಕೊಂಡರು, ಆಮೇಲೆ ಬಂಜೆ ಎಂದರು. ಊರಿನಲ್ಲಿ ಅವಳಿಗೆ ಒಂದು ಹೆಸರು ಬಿತ್ತು, ಹಾಲಿಲ್ಲದೋಳು. ಮದುವೆ ಮನೆಯಲ್ಲಿ ಎಳೆ ಬಾಣಂತಿಯರು ಅವಳನ್ನು ಕಂಡರೆ ಸೆರಗು ಎಳೆದುಕೊಳ್ಳುತ್ತಿದ್ದರು. ಜಯರಾಮುವಿಗೆ ಎರಡನೆಯ ಹೆಣ್ಣು ನೋಡುವ ಮಾತು ಬಂದಾಗ ಯಾರೂ ಅವಳಿಂದ ಮುಚ್ಚಿಡಲಿಲ್ಲ. ಅವಳೂ ತಡೆಯಲಿಲ್ಲ. ಬಟ್ಟೆ ಗಂಟು ಕಟ್ಟಿಕೊಂಡು ಅಣ್ಣನ ಮನೆಗೆ ಬಂದಳು.

ಹೊಳವನಹಳ್ಳಿಯಲ್ಲಿ ಹುಣಸೆಹಣ್ಣು ಬಡಿದು ಬೀಜ ಬಿಡಿಸುವ ಕೆಲಸಕ್ಕೆ ಹೋದಳು. ಮಿಕ್ಕ ಹೆಂಗಸರು ಎರಡು ಬುಟ್ಟಿ ಮುಗಿಸುವಾಗ ಇವಳದು ಒಂದು. ಮಾರ್ಚಿಯ ಬಿಸಿಲಲ್ಲೂ ಸ್ವೆಟರು ಹಾಕಿಕೊಂಡು ಕೂರುತ್ತಿದ್ದಳು. ಬೆವರು ಬರುತ್ತಿರಲಿಲ್ಲ. ಸೊಂಟ ಮುಟ್ಟುತ್ತಿದ್ದ ಜಡೆ ಇಲಿಬಾಲವಾಯಿತು. ಕಂಕುಳ ಕೂದಲು ಉದುರಿಹೋಯಿತು, ಹುಬ್ಬಿನ ತುದಿ ಅಳಿಸಿಹೋಯಿತು. ಇದ್ದಕ್ಕಿದ್ದ ಹಾಗೆ ಕಣ್ಣು ಕತ್ತಲೆ ಬರುತ್ತಿತ್ತು. ಸೋಮಾರಿ ಎಂದರು. ಈಚೆಗೆ ದಾಸಣ್ಣನನ್ನು ಮದುವೆಯಾಗಿ ಬಂದಿದ್ದ ಅತ್ತಿಗೆ ದಾಸಮ್ಮ ಎದುರಿಗೇ ಅಂದಳು. "ಕೆಲ್ಸ ಅಂದ್ರೆ ತಲೆ ಸುತ್ತದೆ ಇವ್ಳಿಗೆ. ಹೆತ್ತ ಮಗೀಗೇ ಮಾಡ್ನಿಲ್ಲ, ನಮ್ಗೇನ್ ಮಾಡಾಳು." ಮಗುವಿಗೆ ಮನಸ್ಸಿಡದವಳು ಕೆಲಸಕ್ಕೂ ಮನಸ್ಸಿಡಲಾರಳು ಎಂದು ವನಜಾಕ್ಷಿ ತಾನೇ ಒಪ್ಪಿಕೊಂಡಿದ್ದಳು. ಡಾಕ್ಟರ ಹತ್ತಿರ ಹೋಗಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ. ಒಂದೆರಡು ಸಲ ಅಣ್ಣ ಕರೆದುಕೊಂಡು ಹೋದಾಗ ರಕ್ತ ಕಮ್ಮಿ ಎಂದು ಟಾನಿಕ್ ಬರೆದುಕೊಟ್ಟರು.

ಹೀಗೆ ಹೆರಿಗೆಯಾಗಿ ಒಂಬತ್ತು ವರ್ಷ ಕಳೆಯಿತು.

ಎರಡು ಸಾವಿರದ ಇಪ್ಪತ್ತಮೂರರ ಬೇಸಿಗೆಯಲ್ಲಿ ಊರಿಗೆಲ್ಲ ಕೀಲುನೋವಿನ ಜ್ವರ ಬಂತು. ಎಲ್ಲರೂ ನಾಲ್ಕು ದಿನ ಮಲಗಿ ಎದ್ದರು. ವನಜಾಕ್ಷಿ ಏಳಲಿಲ್ಲ. ವಾಂತಿ ನಿಲ್ಲಲಿಲ್ಲ. ಐದನೆಯ ದಿನ ಕರೆದರೆ ಕಣ್ಣು ಬಿಡಲಿಲ್ಲ. ದಾಸಣ್ಣ ಕಾರು ಮಾಡಿಕೊಂಡು ತುಮಕೂರಿಗೆ ಒಯ್ದ. ರಕ್ತದಲ್ಲಿ ಸಕ್ಕರೆ ಪಾತಾಳಕ್ಕಿಳಿದಿತ್ತು, ಉಪ್ಪಿನಂಶ ಇಳಿದಿತ್ತು, ಬಿ.ಪಿ. ಸಿಗುತ್ತಿರಲಿಲ್ಲ.

ಅವಳಿಗೆ ಎಚ್ಚರ ಬಂದ ಮೇಲೆ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಹುಬ್ಬು ನೋಡಿದಳು, ಕೈಯ ಚರ್ಮ ಒತ್ತಿ ನೋಡಿದಳು.

"ಮುಟ್ಟು ನಿಂತು ಎಷ್ಟು ದಿನ ಆಯ್ತು?"

"ಹೆರಿಗೆ ಆದ್ಮೇಲೆ ಆಗೇ ಇಲ್ಲ."

"ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಿತ್ತಾ?"

"ಐದು ಬಾಟ್ಲಿ ಹಾಕಿದ್ರಂತೆ."

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದಳು. "ಆಮೇಲೆ ಎದೆಹಾಲು ಬಂತಾ ನಿಮಗೆ?"

ಯಾಕೆ ಕುಡಿಸಲಿಲ್ಲ, ಯಾಕೆ ತಿನ್ನಲಿಲ್ಲ, ಯಾಕೆ ಮನಸ್ಸಿಡಲಿಲ್ಲ ಎಂದು ಒಂಬತ್ತು ವರ್ಷ ಎಲ್ಲರೂ ಕೇಳಿದ್ದರು. ಬಂತಾ ಎಂದು ಯಾರೂ ಕೇಳಿರಲಿಲ್ಲ. ವನಜಾಕ್ಷಿ ತಲೆ ಆಡಿಸಿದಳು, ಇಲ್ಲ ಎಂದು.

ರಕ್ತ ಪರೀಕ್ಷೆಯಾಯಿತು. ತಲೆಯ ಸ್ಕ್ಯಾನಿಂಗ್ ಆಯಿತು. ನಾಲ್ಕು ದಿನದ ಮೇಲೆ ಡಾಕ್ಟರಮ್ಮ ಮತ್ತೆ ಬಂದು, ದಾಸಣ್ಣನನ್ನೂ ಕೂರಿಸಿಕೊಂಡು ಹೇಳಿದಳು.

"ಮೆದುಳಿನ ಕೆಳಗೆ ಕಡಲೆಕಾಳಿನಷ್ಟು ಒಂದು ಗ್ರಂಥಿ ಇರುತ್ತೆ. ಹಾಲು ಮಾಡು ಅಂತ ಎದೆಗೆ ಹೇಳೋದು ಅದು. ಮುಟ್ಟು ಆಗೋದು, ಮೈ ಬೆಚ್ಚಗಿರೋದು, ಶಕ್ತಿ, ಎಲ್ಲಾನೂ ಅದರ ಮಾತಿನ ಮೇಲೇ ನಡೆಯೋದು. ಬಸುರಿನಲ್ಲಿ ಅದು ದೊಡ್ಡದಾಗಿರುತ್ತೆ, ಅದಕ್ಕೆ ರಕ್ತ ಜಾಸ್ತಿ ಬೇಕು. ಅವತ್ತು ನಿಮ್ಮ ರಕ್ತ ಹರಿದು ಹೋದಾಗ ಅದಕ್ಕೆ ಸಿಗಲಿಲ್ಲ. ಒಣಗಿಹೋಯ್ತು."

"ಚೆನ್ನಾಗಿ ತಿಂದಿದ್ರೆ ಬತ್ತಿತ್ತಾ?" ವನಜಾಕ್ಷಿ ಕೇಳಿದಳು.

"ಇಲ್ಲ."

"ನೀರು ಕುಡುದಿದ್ರೆ? ಮೊದಲ್ನೇ ದಿನದಿಂದ ಕುಡುದಿದ್ರೆ?"

"ಬೇರೆಯವರಿಗಾದ್ರೆ ಊಟ, ನೀರು, ಮಗು ಎಷ್ಟು ಸಲ ಚೀಪುತ್ತೆ, ಎಲ್ಲಾ ಲೆಕ್ಕಕ್ಕೆ ಬರುತ್ತೆ. ನಿಮಗೆ ಬರ್ತಿರಲಿಲ್ಲ. ಹಾಲು ಮಾಡು ಅನ್ನೋರೇ ಇರಲಿಲ್ಲವಲ್ಲ."

"ಮನಸಿಟ್ಟು ಕುಡಿಸಿದ್ರೆ?"

ಡಾಕ್ಟರಮ್ಮ ಅವಳ ಮುಖ ನೋಡಿದಳು. "ನೀವು ಏನು ಮಾಡಿದ್ರೂ ಬರ್ತಿರಲಿಲ್ಲಮ್ಮ."

ದಾಸಣ್ಣ ಎದ್ದು ಕಾರಿಡಾರಿಗೆ ಹೋದ. ವನಜಾಕ್ಷಿ ಅಳಲಿಲ್ಲ.

ಎರಡು ಬಗೆಯ ಮಾತ್ರೆ ಕೊಟ್ಟರು. ಬದುಕಿರುವವರೆಗೂ ಬಿಡಕೂಡದು, ಜ್ವರ ಬಂದರೆ ಬಿಳಿ ಮಾತ್ರೆ ಎರಡರಷ್ಟು, ಬಿಟ್ಟರೆ ಮತ್ತೆ ಇದೇ ಗತಿ. ಹತ್ತು ದಿನದಲ್ಲಿ ಅವಳಿಗೆ ಹಸಿವಾಯಿತು. ತಿಂಗಳಾದ ಮೇಲೆ ಹುಣಸೆ ಬಡಿಯುವಾಗ ಕತ್ತಿನಲ್ಲಿ ಬೆವರು ಇಳಿಯಿತು. ಊಟಕ್ಕೆ ಕೂತಾಗ ಅತ್ತಿಗೆ ದಾಸಮ್ಮ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಮೈಗೆ ಚೈತನ್ಯ ಬಂದಂತೆ ಮಗುವಿನ ನೆನಪೂ ಬಂತು. ಮಂಪರಿನಲ್ಲಿ ಅರ್ಧ ಮುಚ್ಚಿಹೋಗಿದ್ದದ್ದು ಈಗ ಕಣ್ಣಿಗೆ ಕಟ್ಟಿದಂತೆ ಕಾಣತೊಡಗಿತು. ಬುಟ್ಟಿ ಮುಂದಿಟ್ಟುಕೊಂಡು ಕೂತಲ್ಲೇ ಅಳುತ್ತಿದ್ದಳು.

ಅಣ್ಣನ ಕೈಲಿ ಶಿರಾದ ನಂಬರು ಹುಡುಕಿಸಿ ಸುಮೈರಾಗೆ ಫೋನು ಮಾಡಿದಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು.

"ವನಜಾ, ನಾನು ಸಿರಾಗೆ ಬರ್ದೆ ಅಲ್ಲೇ ಇದ್ದಿದ್ರೆ?" ಅಂದಳು ಸುಮೈರಾ. "ಆರ್ಜೂ ಬದುಕ್ತಿದ್ಲು, ಅಲ್ವಾ?"

ಆ ಪ್ರಶ್ನೆಯನ್ನು ವನಜಾಕ್ಷಿ ಡಾಕ್ಟರನ್ನು ಕೇಳಿರಲಿಲ್ಲ. ಉತ್ತರ ಇಬ್ಬರಿಗೂ ಗೊತ್ತಿತ್ತು.

"ನಿಮ್ಮಮ್ಮ ಬಿದ್ದಿದ್ರು ಅಕ್ಕ," ಎಂದಳು.

ಶ್ರಾವಣದಲ್ಲಿ ಒಂದು ದಿನ ಅವಳು ಮಧುಗಿರಿಯಲ್ಲಿ ಬಸ್ಸು ಬದಲಿಸಿ ಹಳೆಯ ಊರಿಗೆ ಹೋದಳು. ಮಾತ್ರೆಯ ಚೀಟಿ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಿದ್ದಳು. ಜಯರಾಮು ಮತ್ತು ಅವನ ಎರಡನೆಯ ಹೆಂಡತಿ ಹೊಲಕ್ಕೆ ಹೋಗಿದ್ದರು, ಮಕ್ಕಳು ಸ್ಕೂಲಿಗೆ. ಜಗುಲಿಯ ಮೇಲೆ ಕೊಲ್ಲಾಪುರಮ್ಮ ಒಬ್ಬಳೇ ಕೂತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು.

"ಯಾರದು?"

"ನಾನು ಅತ್ತೆ. ವನಜಿ."

ಮುದುಕಿ ಜರುಗಿ ಜಾಗ ಬಿಟ್ಟಳು. ವನಜಾಕ್ಷಿ ಕೂತು, ಚೀಟಿ ತೆಗೆದು, ಕಡಲೆಕಾಳಿನ ಕಥೆ ಹೇಳಿದಳು. ಕೊಲ್ಲಾಪುರಮ್ಮ ಚೀಟಿಯನ್ನು ಕೈಯಲ್ಲಿ ಹಿಡಿದು, ಓದಲು ಬಾರದಿದ್ದರೂ ಮುಖದ ಹತ್ತಿರ ತಂದು ನೋಡಿದಳು.

"ಅಂಗಾದ್ರೆ ನಾನು ಅಂದಿದ್ದೆಲ್ಲ ಸುಳ್ಳಾತು."

"ಊಂ."

"ನೀರು ಬೆರ್ಸಿದ್ದು ನಾನು ಕಣೇ. ಒಳ್ಳೇದಾಯ್ತದೆ ಅಂತ ಬೆರ್ಸ್ದೆ." ಅವಳ ದನಿ ಗಟ್ಟಿಯಾಗಿಯೇ ಇತ್ತು. "ಅದನ್ನ ಯಾರೂ ಕೇಳ್ನಿಲ್ಲ. ಎಲ್ರೂ ನಿನ್ನೇ ಕೇಳಿದ್ರು. ನಾನೂ ಸುಮ್ಗಿದ್ದೆ."

ಬೀದಿಯಲ್ಲಿ ಒಂದು ಟ್ರ್ಯಾಕ್ಟರು ಹೋಯಿತು.

"ಈಗ ನಾನು ಏನ್ ಮಾಡ್ಲಿ?" ಅಂದಳು ಮುದುಕಿ.

"ಮಗೀನ ಎಲ್ಲಿ ಮಡಗಿದ್ರಿ ಅಂತ ತೋರ್ಸಿ. ನಾನು ನೋಡೇ ಇಲ್ಲ."

ಕೊಲ್ಲಾಪುರಮ್ಮ ಕೋಲು ಹಿಡಿದು ಎದ್ದಳು. ವನಜಾಕ್ಷಿ ಇನ್ನೊಂದು ಕೈ ಹಿಡಿದುಕೊಂಡಳು. ಊರ ಹಿಂದಿನ ಕಾಲುದಾರಿ ಹಿಡಿದು ನಿಧಾನಕ್ಕೆ ನಡೆದರು. ಹೊಲದ ಅಂಚಿಗೆ ಬಂದು ಮುದುಕಿ ನಿಂತಳು. ಕಾಲಿನಿಂದ ನೆಲ ಸವರಿದಳು, ಕೋಲಿನಿಂದ ಅತ್ತ ಇತ್ತ ತಡವಿದಳು.

"ಇಲ್ಲೊಂದು ಹೊಂಗೇಮರ ಇತ್ತಲ್ಲ?"

ಮರ ಇರಲಿಲ್ಲ. ಬದುವೂ ಇರಲಿಲ್ಲ. ಯಾವಾಗಲೋ ಜೆಸಿಬಿ ತಂದು ಎರಡು ಹೊಲವನ್ನು ಒಂದು ಮಾಡಿದ್ದರು. ಗೇಣುದ್ದದ ಕಡಲೆಕಾಯಿ ಗಿಡ ಸಾಲು ಸಾಲಾಗಿ ಹಳದಿ ಹೂ ಬಿಟ್ಟಿತ್ತು. ಕೊಲ್ಲಾಪುರಮ್ಮ ಇಲ್ಲೇ ಎಂದು ಒಂದು ಕಡೆ ತೋರಿಸಿದಳು. ಒಂದು ಗಳಿಗೆ ಬಿಟ್ಟು, ಇಲ್ಲ, ಅಲ್ಲಿ, ಬದು ಅಲ್ಲಿತ್ತು ಎಂದು ಇಪ್ಪತ್ತು ಮಾರು ಆಚೆ ತೋರಿಸಿದಳು. ಆಮೇಲೆ ಕೋಲು ಕೆಳಗಿಟ್ಟು ನೆಲದ ಮೇಲೆ ಕೂತುಬಿಟ್ಟಳು.

ವನಜಾಕ್ಷಿ ಎರಡೂ ಜಾಗಕ್ಕೆ ಹೋಗಿ ನಿಂತಳು. ಗಿಡ ತುಳಿಯದ ಹಾಗೆ ಸಾಲಿನ ನಡುವೆ ಕಾಲಿಟ್ಟು ನಡೆದಳು. ಬಗ್ಗಿ ಮಣ್ಣು ಮುಟ್ಟಿದಳು. ನಂತರ ಬಂದು ಮುದುಕಿಯನ್ನು ಎಬ್ಬಿಸಿ, ಕೈ ಹಿಡಿದು ಮನೆಗೆ ತಲುಪಿಸಿ, ನಾಲ್ಕು ಗಂಟೆಯ ಬಸ್ಸಿಗೆ ಹೊರಟಳು.

ಮಾರನೆಯ ವರ್ಷ ಕೊಲ್ಲಾಪುರಮ್ಮ ತೀರಿಕೊಂಡಳೆಂದು ಸುದ್ದಿ ಬಂತು. ವನಜಾಕ್ಷಿ ಹೋಗಲಿಲ್ಲ. ಅವತ್ತು ತುಮಕೂರಿಗೆ ಹೋಗಿ ಮಾತ್ರೆ ತರುವ ದಿನವಾಗಿತ್ತು.